ರಿಡೀಮ್ ಒತ್ತಿದರೂ ಹಣ ಬರುತ್ತಿಲ್ಲವೇ? ಸ್ವೀಪ್‌ಸ್ಟೇಕ್ಸ್ ಸೈಟ್‌ಗಳಲ್ಲಿ ಗೆದ್ದ ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವ ಬಗೆ

ಸ್ವೀಪ್‌ಸ್ಟೇಕ್ಸ್ ಸೈಟ್ ಎಂದರೆ ಕಾಯಿನ್‌ಗಳಲ್ಲಿ ಕ್ಯಾಸಿನೊ ಥರದ ಆಟ ಆಡಿಸುವ ಸೈಟ್, ಗೆದ್ದ ಕಾಯಿನ್‌ಗಳನ್ನು ದುಡ್ಡಿಗೆ ಬದಲಿಸಿಕೊಳ್ಳುವುದೇ ರಿಡೀಮ್. ಗೆದ್ದಿದ್ದೀರಿ, ರಿಡೀಮ್ ಒತ್ತಿದ್ದೀರಿ, ಆದರೆ ಖಾತೆಗೆ ದುಡ್ಡು ಬಿದ್ದಿಲ್ಲ. ಆಗ ಹೆಚ್ಚಿನವರು ಗಾಬರಿಬಿದ್ದು ಎಲ್ಲವನ್ನೂ ಒಟ್ಟಿಗೇ ಮಾಡಿಬಿಡುತ್ತಾರೆ. ಐಡಿ ಮತ್ತೊಮ್ಮೆ ಅಪ್‌ಲೋಡ್ ಮಾಡುತ್ತಾರೆ, ಬ್ಯಾಂಕ್ ಖಾತೆ ಬದಲಿಸುತ್ತಾರೆ, ಪ್ರೊಫೈಲಿನಲ್ಲಿ ಹೆಸರು ತಿದ್ದುತ್ತಾರೆ. ಮೊದಲಿದ್ದ ತೊಂದರೆ ಒಂದು, ಈಗ ಮೂರು. ಅಷ್ಟೇ ಅಲ್ಲ, ಹೀಗೆ ಪದೇ ಪದೇ ಬದಲಾಗುವ ಖಾತೆಯನ್ನು ಸೈಟಿನವರ ಸಾಫ್ಟ್‌ವೇರ್ ಅನುಮಾನದಿಂದ ನೋಡುತ್ತದೆ.

ಅಮೆರಿಕದಲ್ಲಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ಸೈಟ್‌ಗಳು ನಡೆಯುವುದು ಅಲ್ಲಿ, ಕಾನೂನೂ ಅಲ್ಲಿಯದೇ. ಆದರೆ ಕೆಲವು ತೊಂದರೆಗಳು ನಮ್ಮ ಹೆಸರು, ನಮ್ಮ ವೀಸಾ, ನಮ್ಮ ಊರಿನ ಪ್ರಯಾಣದಿಂದಲೇ ಹುಟ್ಟುತ್ತವೆ. ಅವುಗಳ ಬಗ್ಗೆ ಇಂಗ್ಲಿಷ್ ಸಹಾಯಪುಟಗಳಲ್ಲಿ ಒಂದು ಸಾಲೂ ಸಿಗುವುದಿಲ್ಲ.

ದುಡ್ಡು ನಿಮ್ಮ ಕೈಗೆ ಬರುವ ಮೊದಲು ನಾಲ್ಕು ಕಡೆ ಹಾದು ಬರಬೇಕು. ಮೊದಲು ಕಾಯಿನ್‌ಗಳು ರಿಡೀಮ್ ಮಾಡಲು ಅರ್ಹವಾಗಬೇಕು. ಆಮೇಲೆ ನೀವು ಯಾರು ಎಂಬುದು ಖಾತ್ರಿಯಾಗಬೇಕು. ಮೂರನೆಯದು ಸೈಟಿನವರ ಒಳಗಿನ ಪರಿಶೀಲನೆ. ಕೊನೆಗೆ ಬ್ಯಾಂಕ್. ಎಲ್ಲಿ ನಿಂತಿದೆ ಅಂತ ಮೊದಲು ಗೊತ್ತುಮಾಡಿಕೊಳ್ಳಿ, ಅಲ್ಲಿಗೆ ಮಾತ್ರ ಕೈ ಹಾಕಿ.

ಏನನ್ನಾದರೂ ಮುಟ್ಟುವ ಮುಂಚೆ

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬ್ಯಾಲೆನ್ಸ್ ಪುಟ, ರಿಡೀಮ್ ಮಾಡಿದ ಪುಟ, ಅದರ ಮೇಲಿರುವ ಉಲ್ಲೇಖ ಸಂಖ್ಯೆ, ದಿನಾಂಕ, ಬಂದ ಇಮೇಲ್‌ಗಳು, ಅವತ್ತಿನ ನಿಯಮಗಳ ಪುಟ. ನಿಯಮಗಳ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳುವುದನ್ನು ಮರೆಯಬೇಡಿ. ಸೈಟಿನವರು ನಿಯಮ ಬದಲಿಸುತ್ತಿರುತ್ತಾರೆ. ನೀವು ಆಡಿದ ದಿನ ಏನಿತ್ತು ಎಂಬುದಕ್ಕೆ ಆಮೇಲೆ ಸಾಕ್ಷಿ ಬೇಕಾಗುತ್ತದೆ. ಖಾತೆ ಲಾಕ್ ಆದ ಮೇಲೆ ಒಳಗೆ ಹೋಗಲಿಕ್ಕೇ ಆಗುವುದಿಲ್ಲ, ಆದ್ದರಿಂದ ಇವತ್ತೇ ಮಾಡಿ.

ಇನ್ನೊಂದು ಮಾತು. ರಿಡೀಮ್ ವಿನಂತಿ ಪೆಂಡಿಂಗ್ ಇರುವಾಗ ಅನೇಕ ಸೈಟ್‌ಗಳಲ್ಲಿ ಅದನ್ನು ರದ್ದು ಮಾಡುವ ಬಟನ್ ಇರುತ್ತದೆ. ಒತ್ತಿದರೆ ಕಾಯಿನ್‌ಗಳು ವಾಪಸ್ ಆಟಕ್ಕೆ ಬರುತ್ತವೆ. ಬರಬೇಕಾದ ದುಡ್ಡು ಹೆಚ್ಚಾಗಿ ಕಳೆದುಹೋಗುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಕಾದು ಕಾದು ಬೇಸರ ಬಂದು "ಇರಲಿ, ಸ್ವಲ್ಪ ಆಡೋಣ" ಅಂತ ರದ್ದು ಮಾಡುತ್ತಾರೆ. ಬೆಳಗಾಗುವಷ್ಟರಲ್ಲಿ ರಿಡೀಮ್ ಮಾಡಲು ಏನೂ ಉಳಿದಿರುವುದಿಲ್ಲ. ಆ ಬಟನ್ ಕಡೆ ಕೈ ಹೋಗುವುದನ್ನು ತಡೆಯಲು ಆಗುತ್ತಿಲ್ಲ ಎಂದಾದರೆ ಸೈಟಿನಲ್ಲೇ ಇರುವ ಸೆಲ್ಫ್-ಎಕ್ಸ್‌ಕ್ಲೂಷನ್ (ನಿಮ್ಮ ಆಟಕ್ಕೆ ನೀವೇ ಹಾಕಿಸಿಕೊಳ್ಳುವ ತಡೆ) ಅಥವಾ ಆಟಕ್ಕೆ ವಿರಾಮ ಹಾಕುವ ಸೌಲಭ್ಯವನ್ನು ಕೇಳಿ ಪಡೆಯಿರಿ. ಬಾಕಿ ಇರುವ ರಿಡೀಮ್ ಏನಾಗುತ್ತದೆ ಎಂದು ಮೊದಲು ಬರಹದಲ್ಲಿ ಕೇಳಿಕೊಳ್ಳಿ. ಮಾತಾಡಲು ಯಾರಾದರೂ ಬೇಕು ಎನಿಸಿದರೆ 1-800-426-2537ಕ್ಕೆ ಕರೆ ಮಾಡಬಹುದು. ಜೂಜಿನ ಚಟದಿಂದ ಹೊರಬರಲು ನೆರವು ಕೊಡುವ ಸಹಾಯವಾಣಿ ಅದು. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ರಿಡೀಮ್ ಬಟನ್ ಬೂದು ಬಣ್ಣದಲ್ಲೇ ಇದೆ

ಇಲ್ಲಿ ಎರಡು ಬಗೆಯ ಕಾಯಿನ್ ಇರುತ್ತವೆ. ಗೋಲ್ಡ್ ಕಾಯಿನ್ ಸುಮ್ನೆ ಆಡಲಿಕ್ಕೆ, ಅದಕ್ಕೆ ಬೆಲೆ ಇಲ್ಲ. ಸ್ವೀಪ್ಸ್ ಕಾಯಿನ್ ಮಾತ್ರ ಬಹುಮಾನಕ್ಕೆ ಬದಲಾಗುತ್ತದೆ. ಸಾಮಾನ್ಯವಾಗಿ ಒಂದು ಸ್ವೀಪ್ಸ್ ಕಾಯಿನ್‌ಗೆ ಒಂದು ಡಾಲರ್. ಯಾಕೆ ಹೀಗೆ ಎರಡು? ಬಹುಮಾನ, ಅದೃಷ್ಟ, ಹಣ ಕಟ್ಟುವುದು, ಈ ಮೂರೂ ಸೇರಿದರೆ ಅಮೆರಿಕದ ಕಾನೂನಿನಲ್ಲಿ ಅದು ಜೂಜು ಅಥವಾ ಲಾಟರಿ. ಹಣ ಕಟ್ಟುವ ಭಾಗವನ್ನು ತೆಗೆದರೆ ಸ್ವೀಪ್‌ಸ್ಟೇಕ್ಸ್. ಅದಕ್ಕೇ ನೀವು ಕೊಳ್ಳುವುದು ಗೋಲ್ಡ್ ಕಾಯಿನ್, ಸ್ವೀಪ್ಸ್ ಕಾಯಿನ್ ಅದರ ಜೊತೆ "ಉಚಿತ". ಅಂಚೆಯಲ್ಲಿ ಪತ್ರ ಕಳಿಸಿಯೂ ಸ್ವೀಪ್ಸ್ ಕಾಯಿನ್ ಪಡೆಯುವ ದಾರಿ ಇಟ್ಟಿರುತ್ತಾರೆ. ಈ ವಾದವನ್ನು ಹಲವು ರಾಜ್ಯಗಳು ಈಗ ಒಪ್ಪುತ್ತಿಲ್ಲ, ಅದಕ್ಕೆ ಮುಂದೆ ಬರುತ್ತೇನೆ.

ಬಟನ್ ಬೂದು ಬಣ್ಣದಲ್ಲಿದ್ದರೆ ಮೊದಲು ನೋಡಬೇಕಾದ್ದು, ನೀವು ಲಕ್ಷಗಟ್ಟಲೆ ಅಂತ ಖುಷಿಪಡುತ್ತಿರುವುದು ಗೋಲ್ಡ್ ಕಾಯಿನ್ ಅಲ್ಲ ತಾನೆ? ಹಾಗಿದ್ದರೆ ವಿಷಯ ಅಲ್ಲಿಗೆ ಮುಗಿಯಿತು.

ಸ್ವೀಪ್ಸ್ ಕಾಯಿನ್ನೇ ಆಗಿದ್ದರೆ ಎರಡು ಲೆಕ್ಕ ನೋಡಿ. ಒಂದು ಕನಿಷ್ಠ ಮಿತಿ. ನಗದಿಗೆ ಕೆಲವು ಕಡೆ 50, ಕೆಲವು ಕಡೆ 100 ಸ್ವೀಪ್ಸ್ ಕಾಯಿನ್ ಬೇಕು. ಗಿಫ್ಟ್ ಕಾರ್ಡ್‌ಗೆ ಮಿತಿ ಇನ್ನೂ ಕಡಿಮೆ ಇರುವುದುಂಟು. ಎರಡನೆಯದು ಪ್ಲೇಥ್ರೂ. ಉಚಿತವಾಗಿ ಬಂದ ಸ್ವೀಪ್ಸ್ ಕಾಯಿನ್ ಅನ್ನು ಕನಿಷ್ಠ ಒಂದು ಸಲವಾದರೂ ಆಟದಲ್ಲಿ ಹಾಕಿರಬೇಕು. ಕೆಲವರು ಮೂರು ಸಲ ಅಂತಾರೆ.

ಈ ಎರಡೂ ಸೇರಿದಾಗಲೇ ಜನ ಎಡವುವುದು. ಒಂದು ಉದಾಹರಣೆ ಹೇಳುತ್ತೇನೆ. ನಿಮ್ಮ ಬ್ಯಾಲೆನ್ಸ್ 112 ಇದೆ. ಕನಿಷ್ಠ 100. ಆದರೂ ಬಟನ್ ಕೆಲಸ ಮಾಡುತ್ತಿಲ್ಲ. ನಿನ್ನೆ ಯಾವುದೋ ಆಫರ್‌ನಲ್ಲಿ 20 ಸ್ವೀಪ್ಸ್ ಕಾಯಿನ್ ಬಂದಿತ್ತು, ಅದನ್ನು ಇನ್ನೂ ಆಡಿಲ್ಲ. 112ರಲ್ಲಿ 20 ಕಳೆದರೆ ರಿಡೀಮ್‌ಗೆ ಸಿಗುವುದು 92. ನೂರಕ್ಕೆ ಎಂಟು ಕಮ್ಮಿ. ಅನೇಕ ಸೈಟ್‌ಗಳಲ್ಲಿ ಬ್ಯಾಲೆನ್ಸ್ ಮೇಲೆ ಒತ್ತಿದರೆ "ರಿಡೀಮ್ ಮಾಡಬಹುದಾದದ್ದು" ಅಂತ ಬೇರೆ ಸಾಲು ತೋರಿಸುತ್ತದೆ. ನೋಡಬೇಕಾದ್ದು ಆ ಸಾಲನ್ನು. ಪ್ಲೇಥ್ರೂ ಲೆಕ್ಕಕ್ಕೆ ಬರುವುದು ನೀವು ಹಾಕಿದ ಮೊತ್ತ, ಗೆದ್ದದ್ದೋ ಸೋತದ್ದೋ ಅಲ್ಲ. ಒಂದು ಸ್ಪಿನ್‌ಗೆ 0.20 ಹಾಕಿದರೆ 20 ಕಾಯಿನ್ ಮುಗಿಸಲು 100 ಸ್ಪಿನ್ ಬೇಕು. ಷರತ್ತು ಮೂರು ಸಲ ಎಂದಿದ್ದರೆ 300.

ಬಾಕಿ ಇರುವ ಆ 20ನ್ನು ಮುಗಿಸಲು ಅವಸರದಲ್ಲಿ ದೊಡ್ಡ ಮೊತ್ತ ಹಾಕಬೇಡಿ. ಮಿತಿ ಮುಟ್ಟಲಿಲ್ಲ ಅಂತ ಹೊಸ ಪ್ಯಾಕೇಜ್ ಕೊಳ್ಳಲೂ ಬೇಡಿ. ಹೊಸ ಪ್ಯಾಕೇಜ್ ಜೊತೆ ಹೊಸ ಕಾಯಿನ್ ಬರುತ್ತದೆ, ಅದಕ್ಕೆ ಹೊಸ ಪ್ಲೇಥ್ರೂ.

ಐಡಿ ಒಪ್ಪುತ್ತಿಲ್ಲ

ನಮ್ಮವರ ದುಡ್ಡು ಜಾಸ್ತಿ ನಿಲ್ಲುವುದು ಇಲ್ಲಿ. ಕಾರಣ ಹೆಸರು.

ಮಂಜುನಾಥ ಹೊಸಹಳ್ಳಿ ಎಂಬ ಕಾಲ್ಪನಿಕ ಹೆಸರು ತೆಗೆದುಕೊಳ್ಳಿ. ಊರಲ್ಲಿ ಅವನು ಎಚ್. ಮಂಜುನಾಥ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದರು. ಆದರೆ ಸರ್‌ನೇಮ್ ಕಾಲಂ ಖಾಲಿ, ಇಡೀ ಹೆಸರು ಗಿವನ್ ನೇಮ್ ಕಾಲಂನಲ್ಲಿ. ನಮ್ಮಲ್ಲಿ ಇದು ತೀರಾ ಸಾಮಾನ್ಯ. ಅಮೆರಿಕದ ವೀಸಾ ಬರುವಾಗ ಅವರು ಆ ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕುತ್ತಾರೆ. ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು ಎಂದು ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂಬುದರ ಗುರುತು. ವೀಸಾ ನೋಡಿ ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಯೂ ಹಾಗೇ ಅಚ್ಚು ಹಾಕುತ್ತದೆ. ಬ್ಯಾಂಕಿನಲ್ಲಿ ಕೂತವರು ಮಾತ್ರ ಮಂಜುನಾಥ ಅಂತ ಮೊದಲ ಹೆಸರು, ಹೊಸಹಳ್ಳಿ ಅಂತ ಕೊನೆಯ ಹೆಸರು ಬರೆದುಕೊಂಡರು. ಸೈಟಿನಲ್ಲಿ ಅವನೂ ಹಾಗೇ ತುಂಬಿದ.

ಈಗ ಸೈಟಿನ ಸಾಫ್ಟ್‌ವೇರ್ ಲೈಸೆನ್ಸ್ ಓದುತ್ತದೆ. ಮೊದಲ ಹೆಸರು ಎಫ್‌ಎನ್‌ಯು. ಪ್ರೊಫೈಲಿನಲ್ಲಿ ಮಂಜುನಾಥ. ತಾಳೆ ಇಲ್ಲ, ತಿರಸ್ಕಾರ. ಫೋಟೊ ಸ್ಪಷ್ಟವಾಗಿಲ್ಲವೇನೋ ಅಂತ ಅವನು ಹತ್ತು ಸಲ ಫೋಟೊ ತೆಗೆದು ಹಾಕಿದರೂ ಇದು ಸರಿಹೋಗುವುದಿಲ್ಲ. ಕೆಲವು ಪ್ರಯತ್ನಗಳ ನಂತರ ಅಪ್‌ಲೋಡ್ ಜಾಗವೇ ಮುಚ್ಚಿಹೋಗುತ್ತದೆ.

ಸರಿಪಡಿಸುವ ದಾರಿ ಇದು. ಯಂತ್ರಕ್ಕೆ ಮತ್ತೆ ಮತ್ತೆ ತೋರಿಸುವುದನ್ನು ನಿಲ್ಲಿಸಿ. ಮನುಷ್ಯರು ಕೈಯಾರೆ ಪರಿಶೀಲಿಸಬೇಕು ಎಂದು ಸಪೋರ್ಟ್‌ಗೆ ಬರೆಯಿರಿ. ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ ಪುಟ, ಲೈಸೆನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್ ನಾಲ್ಕನ್ನೂ ಒಟ್ಟಿಗೆ ಕಳಿಸಿ. ಜೊತೆಗೆ ಮೂರು ಸಾಲು ಸಾಕು: ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದೆ, ಹಾಗಾಗಿ ಲೈಸೆನ್ಸ್‌ನಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಬಂದಿದೆ, ಜನ್ಮದಿನಾಂಕ ಎಲ್ಲದರಲ್ಲೂ ಒಂದೇ. ಪ್ರೊಫೈಲಿನ ಹೆಸರನ್ನು ಲೈಸೆನ್ಸಿನಲ್ಲಿ ಇರುವಂತೆಯೇ ಅವರೇ ಬದಲಿಸಿಕೊಡಲಿ ಎಂದು ಕೇಳಿ. ನೀವೇ ಬದಲಿಸಲು ಹೋಗಬೇಡಿ, ಅದು ಖಾತೆ ಕೈ ಬದಲಾದಂತೆ ಕಾಣುತ್ತದೆ. ಹೆಸರು ಬದಲಿಸಿದ ಮೇಲೆ ಬ್ಯಾಂಕ್ ಖಾತೆಯ ಹೆಸರಿಗೆ ಅದು ತಾಳೆಯಾಗುತ್ತದೆಯೇ ಎಂದೂ ಅದೇ ಪತ್ರದಲ್ಲಿ ಕೇಳಿಬಿಡಿ. ಇಲ್ಲದಿದ್ದರೆ ಐಡಿ ಪಾಸಾಗಿ, ಬ್ಯಾಂಕಿನ ಹೆಸರು ಸರಿಯಿಲ್ಲ ಅಂತ ಮುಂದಿನ ಹಂತದಲ್ಲಿ ಮತ್ತೆ ನಿಲ್ಲುತ್ತದೆ. ಪಾಸ್‌ಪೋರ್ಟನ್ನೇ ಮರುವಿತರಣೆ ಮಾಡಿಸಿ ಸರ್‌ನೇಮ್ ಬೇರೆ ಮಾಡಿಸುವುದು ಶಾಶ್ವತ ಪರಿಹಾರ. ಅದು ವೀಸಾ, ಲೈಸೆನ್ಸ್, ಬ್ಯಾಂಕ್ ಎಲ್ಲದಕ್ಕೂ ತಟ್ಟುವ ಕೆಲಸ, ಒಂದು ರಿಡೀಮ್‌ಗೋಸ್ಕರ ಮಾಡುವಂಥದ್ದಲ್ಲ.

ಹೆಸರಾದ ಮೇಲೆ ಜನ್ಮದಿನಾಂಕ ನೋಡಿ. ಏಪ್ರಿಲ್ 9ರಂದು ಹುಟ್ಟಿದವರು ನಮ್ಮ ರೂಢಿಯಂತೆ 09/04 ಎಂದು ತುಂಬಿರುತ್ತಾರೆ. ಅಮೆರಿಕದಲ್ಲಿ ತಿಂಗಳು ಮೊದಲು, ಅದು ಸೆಪ್ಟೆಂಬರ್ 4 ಆಗುತ್ತದೆ. 12ನೇ ತಾರೀಕಿನ ನಂತರ ಹುಟ್ಟಿದವರಿಗೆ ಫಾರಂ ತಪ್ಪು ತೋರಿಸಿ ಎಚ್ಚರಿಸುತ್ತದೆ. 12ರೊಳಗೆ ಹುಟ್ಟಿದವರಿಗೆ ಸದ್ದಿಲ್ಲದೆ ತಪ್ಪು ದಾಖಲಾಗುತ್ತದೆ, ರಿಡೀಮ್ ಮಾಡುವ ದಿನದವರೆಗೂ ಗೊತ್ತೇ ಆಗುವುದಿಲ್ಲ.

ವಿಳಾಸದ್ದು ಇನ್ನೊಂದು ಗೋಳು. ಮನೆ ಬದಲಿಸಿದ್ದೀರಿ, ಲೈಸೆನ್ಸ್‌ನಲ್ಲಿ ಹಳೇ ವಿಳಾಸ. ಕರೆಂಟ್ ಬಿಲ್ ರೂಮ್‌ಮೇಟ್ ಹೆಸರಲ್ಲಿ, ಮೊಬೈಲ್ ಬಿಲ್ ಫ್ಯಾಮಿಲಿ ಪ್ಲಾನಿನಲ್ಲಿ ಅಣ್ಣನ ಹೆಸರಲ್ಲಿ. ಭಾರತದ ಪಾಸ್‌ಪೋರ್ಟ್ ಕೊನೆಯ ಪುಟದಲ್ಲಿರುವುದು ಊರಿನ ವಿಳಾಸ, ಅದು ಇಲ್ಲಿ ಉಪಯೋಗವಿಲ್ಲ. ಸುಲಭವಾಗಿ ಸಿಗುವುದು ಬ್ಯಾಂಕ್ ಸ್ಟೇಟ್‌ಮೆಂಟ್. ಮೊದಲು ಬ್ಯಾಂಕಿನಲ್ಲಿ ವಿಳಾಸ ಬದಲಿಸಿ, ಹೊಸ ವಿಳಾಸ ಇರುವ ಮುಂದಿನ ಸ್ಟೇಟ್‌ಮೆಂಟ್ ಬರುವವರೆಗೆ ಕಾಯಿರಿ. ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹಳೆಯದನ್ನು ತೆಗೆದುಕೊಳ್ಳುವುದಿಲ್ಲ. ಬ್ಯಾಂಕ್ ಆ್ಯಪ್‌ನ ಸ್ಕ್ರೀನ್‌ಶಾಟ್ ಬೇಡ, ಬ್ಯಾಂಕ್ ಕೊಡುವ ಪೂರ್ತಿ ಪಿಡಿಎಫ್ ಹಾಕಿ. ಅಪಾರ್ಟ್‌ಮೆಂಟ್ ನಂಬರ್ ಬಿಟ್ಟುಹೋಗಿದ್ದರೂ ತಕರಾರು ಬರಬಹುದು.

ಫೋಟೊ ವಿಷಯ ಸುಲಭ: ಕಾರ್ಡಿನ ನಾಲ್ಕೂ ಮೂಲೆ ಕಾಣಬೇಕು, ಫ್ಲ್ಯಾಶ್ ಬೇಡ.

ನಿಮ್ಮ ರಾಜ್ಯದಲ್ಲಿ ಈಗ ಇದಕ್ಕೆ ಅನುಮತಿ ಇದೆಯೇ?

ಎಲ್ಲವೂ ಸರಿ ಇದ್ದು ಒಮ್ಮೆಗೇ "ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ" ಎಂದು ಬಂದರೆ ಕಾರಣ ಕಾನೂನು. 2025ರಲ್ಲಿ ಚಿತ್ರ ಬಹಳ ಬದಲಾಯಿತು. ವಾಷಿಂಗ್ಟನ್, ಐಡಾಹೊ, ಮಿಷಿಗನ್ ರಾಜ್ಯಗಳನ್ನು ಹೆಚ್ಚಿನ ಸೈಟ್‌ಗಳು ಅದಕ್ಕೂ ಮೊದಲೇ ದೂರ ಇಟ್ಟಿದ್ದವು. ಮಾಂಟಾನಾ ಮತ್ತು ಕನೆಕ್ಟಿಕಟ್ ಮಾಡಿದ ನಿಷೇಧ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ನ್ಯೂ ಜೆರ್ಸಿಯ ಕಾನೂನಿಗೆ ಅದೇ ವರ್ಷ ಆಗಸ್ಟ್‌ನಲ್ಲಿ ಸಹಿ ಬಿತ್ತು. ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ 2025ರ ಜೂನ್‌ನಲ್ಲಿ 26 ಸೈಟ್‌ಗಳನ್ನು ನಿಲ್ಲಿಸಿದ್ದಾಗಿ ಪ್ರಕಟಿಸಿದರು, ವರ್ಷದ ಕೊನೆಗೆ ಅಲ್ಲೂ ಕಾನೂನಾಯಿತು. ಕ್ಯಾಲಿಫೋರ್ನಿಯಾದಲ್ಲಿ ಎಬಿ 831 ಎಂಬ ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ ಅಕ್ಟೋಬರ್‌ನಲ್ಲಿ ಸಹಿ ಹಾಕಿದರು, 2026ರ ಜನವರಿ 1ರಿಂದ ಜಾರಿ. ಸೈಟ್ ನಡೆಸುವವರಷ್ಟೇ ಅಲ್ಲ, ಗೊತ್ತಿದ್ದೂ ಅವರಿಗೆ ಪೇಮೆಂಟ್ ಸೌಲಭ್ಯ ಕೊಡುವವರೂ ಅದರ ವ್ಯಾಪ್ತಿಗೆ ಬರುತ್ತಾರೆ.

ಕ್ಯಾಲಿಫೋರ್ನಿಯಾದ ಬೇ ಏರಿಯಾ, ನ್ಯೂ ಜೆರ್ಸಿಯ ಎಡಿಸನ್ ಕಡೆಯ ನಮ್ಮವರು ಎಷ್ಟು ಜನ ಇದರ ಒಳಗೆ ಬಂದರು ನೋಡಿ. ಇಂಥ ರಾಜ್ಯದಿಂದ ಹೊರಗೆ ಹೋಗುವಾಗ ಸೈಟ್‌ಗಳು ಸಾಮಾನ್ಯವಾಗಿ ಇಮೇಲ್ ಕಳಿಸುತ್ತವೆ: ಆಟ ಇಂಥ ದಿನ ನಿಲ್ಲುತ್ತದೆ, ಇಂಥ ದಿನದೊಳಗೆ ರಿಡೀಮ್ ಮಾಡಿಕೊಳ್ಳಿ. ಆ ಇಮೇಲ್ ಪ್ರೊಮೋಷನ್ ಫೋಲ್ಡರಿನಲ್ಲಿ ಕೂತಿರುತ್ತದೆ. ಸೈಟಿನ ಹೆಸರು ಹಾಕಿ ಹುಡುಕಿ. ಗಡುವು ಇನ್ನೂ ಇದ್ದರೆ ಬೇರೆ ಕೆಲಸ ಬಿಟ್ಟು ಇವತ್ತೇ ವಿನಂತಿ ಹಾಕಿ. ದಾಟಿದ್ದರೆ ಬ್ಯಾಲೆನ್ಸ್ ಎಷ್ಟಿತ್ತು, ನೋಟಿಸ್ ಯಾವಾಗ ಬಂತು ಎಂದು ಬರೆದು ಕೇಳಿ. ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

ವಿಪಿಎನ್ ಹಾಕಿ ಬೇರೆ ರಾಜ್ಯ ತೋರಿಸುವ ಯೋಚನೆ ಮಾಡಲೇಬೇಡಿ. ಆಟ ನಡೆಯಬಹುದು. ರಿಡೀಮ್ ಹೊತ್ತಿಗೆ ಲೈಸೆನ್ಸಿನ ವಿಳಾಸ, ಬ್ಯಾಂಕಿನ ವಿಳಾಸ, ಲಾಗಿನ್ ಆದ ಜಾಗ ಮೂರನ್ನೂ ಇಟ್ಟು ನೋಡುತ್ತಾರೆ. ಸಿಕ್ಕಿಬಿದ್ದರೆ ಎಲ್ಲ ಗೆಲುವನ್ನೂ ರದ್ದು ಮಾಡುವ ಹಕ್ಕು ಅವರ ನಿಯಮದಲ್ಲೇ ಇರುತ್ತದೆ. ಇನ್ನು ತಿಳಿಯದೆ ಆಗುವುದೂ ಉಂಟು: ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಕಂಪನಿಯ ವಿಪಿಎನ್ ಸದಾ ಚಾಲೂ ಇರುತ್ತದೆ. ನೀವಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, ಸೈಟಿಗೆ ಕಾಣುವುದು ವಾಷಿಂಗ್ಟನ್ ರಾಜ್ಯದ ಸಿಯಾಟಲ್. ಸ್ವಂತ ಫೋನಿನಲ್ಲಿ, ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಲೊಕೇಷನ್ ಅನುಮತಿ ಕೊಟ್ಟು ಒಮ್ಮೆ ತೆರೆಯಿರಿ. ಸರಿಹೋದರೆ ಕಾರಣ ಸಿಕ್ಕಿತು.

ಊರಿಗೆ ಹೊರಟಿದ್ದೀರಾ? ರಿಡೀಮ್ ಪೆಂಡಿಂಗ್ ಇಟ್ಟು ಬೆಂಗಳೂರಿನಿಂದ ಲಾಗಿನ್ ಆದರೆ ಸ್ಥಳದ ತಕರಾರು ಬರುವ ಸಂಭವ ಜಾಸ್ತಿ. ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ, ಅಲ್ಲಿಂದ ಆಡುವ ಮಾತೇ ಬೇಡ. ಅಮೆರಿಕದ ಸಿಮ್‌ಗೆ ಬರುವ ಒಟಿಪಿಯೂ ಊರಲ್ಲಿ ಬರದೇ ಹೋಗಬಹುದು. ಹೊರಡುವ ಮೊದಲೇ ಫೋನಿನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿಕೊಂಡಿರಿ. ಅವಸರವಿಲ್ಲದಿದ್ದರೆ ವಾಪಸ್ ಬಂದ ಮೇಲೆ ರಿಡೀಮ್ ಹಾಕುವುದೇ ಒಳ್ಳೆಯದು.

"ಪರಿಶೀಲನೆಯಲ್ಲಿದೆ" ಎಂದು ವಾರಗಟ್ಟಲೆ

ಮೊದಲ ರಿಡೀಮ್ ತಡವಾಗುವುದು ಸಹಜ. ಸೈಟಿನವರು ಹೇಳಿಕೊಂಡ ಕೆಲಸದ ದಿನಗಳು ಮುಗಿಯುವವರೆಗೆ ಸುಮ್ಮನಿರಿ. ಮುಗಿದ ಮೇಲೂ ಅಲ್ಲಾಡದಿದ್ದರೆ ನಿಮ್ಮ ಕಡೆ ಇರಬಹುದಾದ ಕಾರಣ ಹುಡುಕಿ.

ಒಂದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಖಾತೆ ತೆರೆದಿದ್ದೀರಾ? ಕೆಲವರು ಒಬ್ಬರಿಗೊಂದು ಎನ್ನುತ್ತಾರೆ, ಕೆಲವರು ಮನೆಗೊಂದು ಎನ್ನುತ್ತಾರೆ. ಒಂದೇ ಟ್ಯಾಬ್‌ನಲ್ಲಿ ಎರಡೂ ಖಾತೆ ತೆರೆದಿದ್ದರೆ ಒಬ್ಬರೇ ಎರಡು ಖಾತೆ ಇಟ್ಟ ಹಾಗೆ ಕಾಣುತ್ತದೆ. ಹೀಗಿದ್ದರೆ ಮುಚ್ಚಿಡಬೇಡಿ. ಇಬ್ಬರ ಐಡಿಯನ್ನೂ ಕೊಟ್ಟು, ಇಬ್ಬರೂ ಬೇರೆ ಬೇರೆ ಎಂದು ತೋರಿಸಿ. ಹೆಂಡತಿಯ ಕಾರ್ಡಿನಲ್ಲಿ ಕೊಂಡು ಗಂಡನ ಖಾತೆಗೆ ರಿಡೀಮ್ ಕೇಳಿದರೂ ನಿಲ್ಲುತ್ತದೆ. ಕೊಂಡ ಕಾರ್ಡು, ಆಡಿದವರು, ದುಡ್ಡು ಹೋಗುವ ಖಾತೆ, ಮೂರರ ಮೇಲೂ ಒಂದೇ ಹೆಸರಿರಬೇಕು ಎನ್ನುವುದು ಎಲ್ಲೆಡೆ ಇರುವ ಷರತ್ತು.

ಹಿಂದೆ ಯಾವತ್ತಾದರೂ ಆ ಸೈಟಿನ ಖರೀದಿಯ ಮೇಲೆ ಕಾರ್ಡ್ ಕಂಪನಿಗೆ ದೂರು ಕೊಟ್ಟು ಹಣ ವಾಪಸ್ ಪಡೆದಿದ್ದೀರಾ? ಹಾಗಿದ್ದರೆ ಖಾತೆ ಲಾಕ್ ಆಗಿರುತ್ತದೆ, ಅದನ್ನು ಇತ್ಯರ್ಥ ಮಾಡದೆ ಮುಂದೆ ಹೋಗದು. ರಿಡೀಮ್ ತಡವಾಯಿತು ಅಂತ ಸಿಟ್ಟಿನಲ್ಲಿ ಈಗ ಹಾಗೆ ದೂರು ಕೊಡುವುದೂ ಅಪಾಯ. ಕೊಂಡ 20 ಡಾಲರ್ ವಾಪಸ್ ಬರಬಹುದು, ಗೆದ್ದ ದುಡ್ಡು ಹೋಗಬಹುದು.

ಸಪೋರ್ಟ್‌ಗೆ ಒಂದೇ ಟಿಕೆಟ್ ಇಟ್ಟುಕೊಳ್ಳಿ, ಅದರಲ್ಲೇ ಮುಂದುವರಿಸಿ. ಹೊಸ ಹೊಸ ಟಿಕೆಟ್ ಹಾಕಿದರೆ ಪ್ರತಿಸಲ ಹೊಸಬರು ಮೊದಲಿಂದ ಓದುತ್ತಾರೆ. ಕೇಳಬೇಕಾದ ಪ್ರಶ್ನೆ "ಯಾವಾಗ ಬರುತ್ತೆ" ಅಂತಲ್ಲ. "ನನ್ನಿಂದ ಇನ್ನೂ ಯಾವುದಾದರೂ ದಾಖಲೆ ಬಾಕಿ ಇದೆಯೇ? ಯಾವ ನಿಯಮದ ಅಡಿಯಲ್ಲಿ ತಡೆದಿದ್ದೀರಿ?" ಎಂದು ಕೇಳಿ. ಇದಕ್ಕೆ ಹಾರಿಕೆ ಉತ್ತರ ಕೊಡುವುದು ಕಷ್ಟ.

ಸೈಟ್ ಕಳಿಸಿದೆ ಎನ್ನುತ್ತದೆ, ಬ್ಯಾಂಕಿನಲ್ಲಿ ಇಲ್ಲ

ಹೆಚ್ಚಾಗಿ ಹಣ ಬರುವುದು ಎಸಿಎಚ್ ಮೂಲಕ, ಅಂದರೆ ಅಮೆರಿಕದ ಬ್ಯಾಂಕುಗಳ ನಡುವೆ ಹಣ ಸಾಗಿಸುವ ಜಾಲದ ಮೂಲಕ. ಸಂಬಳ ಬೀಳುವ ದಾರಿಯೂ ಅದೇ. ಶನಿವಾರ, ಭಾನುವಾರ, ಫೆಡರಲ್ ರಜೆಯ ದಿನಗಳಲ್ಲಿ ಅದು ಇತ್ಯರ್ಥವಾಗುವುದಿಲ್ಲ. ಗುರುವಾರ ಸಂಜೆ "ಕಳಿಸಿದ್ದೇವೆ" ಎಂದಿದ್ದರೆ ಮಂಗಳವಾರದವರೆಗೆ ಚಿಂತೆ ಬೇಡ.

ಆಮೇಲೂ ಬರದಿದ್ದರೆ ನಂಬರ್ ತಪ್ಪಿದೆಯೇ ನೋಡಿ. ಬ್ಯಾಂಕನ್ನು ಗುರುತಿಸುವ ರೌಟಿಂಗ್ ನಂಬರಿಗೆ ಒಂಬತ್ತು ಅಂಕಿ. ಕೆಲವು ಬ್ಯಾಂಕುಗಳಲ್ಲಿ ವೈರ್‌ಗೆ ಬೇರೆ, ಎಸಿಎಚ್‌ಗೆ ಬೇರೆ ರೌಟಿಂಗ್ ನಂಬರ್ ಇರುತ್ತದೆ, ವೈರ್‌ನದ್ದನ್ನು ಹಾಕಿದರೆ ವಾಪಸ್ ಹೋಗಬಹುದು. ಅಂಕಿ ಅದಲು ಬದಲಾಗಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಒಂದು, ನಾಲ್ಕು, ಏಳನೇ ಅಂಕಿ ಕೂಡಿಸಿ ಮೂರರಿಂದ ಗುಣಿಸಿ. ಎರಡು, ಐದು, ಎಂಟನೇ ಅಂಕಿ ಕೂಡಿಸಿ ಏಳರಿಂದ ಗುಣಿಸಿ. ಮೂರು, ಆರು, ಒಂಬತ್ತನೆಯದನ್ನು ಸುಮ್ನೆ ಕೂಡಿಸಿ. ಎಲ್ಲ ಸೇರಿದ ಮೊತ್ತದ ಕೊನೆಗೆ ಸೊನ್ನೆ ಬರಬೇಕು. ಬಾಸ್ಟನ್‌ನ ಫೆಡರಲ್ ರಿಸರ್ವ್ ಬ್ಯಾಂಕಿನ ನಂಬರ್ 011000015 ತೆಗೆದುಕೊಳ್ಳಿ. ಮೊದಲ ಗುಂಪು ಸೊನ್ನೆ. ಎರಡನೆಯದು 1, 0, 1 ಸೇರಿ 2, ಏಳರಿಂದ ಗುಣಿಸಿದರೆ 14. ಮೂರನೆಯದು 1, 0, 5 ಸೇರಿ 6. ಒಟ್ಟು 20. ಸರಿ ಇದೆ. ನಿಮ್ಮದರಲ್ಲಿ ಸೊನ್ನೆ ಬರದಿದ್ದರೆ ಎಲ್ಲೋ ತಪ್ಪಿ ಬರೆದಿದ್ದೀರಿ. ಖಾತೆ ನಂಬರಿಗೆ ಇಂಥ ಎಲ್ಲೆಡೆ ಒಂದೇ ಆದ ಪರೀಕ್ಷೆ ಇಲ್ಲ, ಅದನ್ನು ಚೆಕ್ ಎಲೆಯ ಜೊತೆ ಕಣ್ಣಿಟ್ಟು ತಾಳೆ ನೋಡಬೇಕು. ಡೆಬಿಟ್ ಕಾರ್ಡಿನ ಮೇಲಿರುವ 16 ಅಂಕಿ ಖಾತೆ ನಂಬರ್ ಅಲ್ಲ.

ವಾಪಸ್ ಹೋದ ಎಸಿಎಚ್‌ಗೆ ಒಂದು ಕೋಡ್ ಇರುತ್ತದೆ. ಸೈಟಿನವರನ್ನು ಆ ಕೋಡ್ ಕೇಳಿ, ಅದೇ ಅರ್ಧ ಉತ್ತರ. ಆರ್02 ಎಂದರೆ ಖಾತೆ ಮುಚ್ಚಿದೆ. ಆರ್03 ಎಂದರೆ ಅಂಥ ಖಾತೆ ಸಿಗಲಿಲ್ಲ ಅಥವಾ ನಂಬರಿಗೂ ಹೆಸರಿಗೂ ಹೊಂದಲಿಲ್ಲ. ಮಂಜುನಾಥನ ಎಫ್‌ಎನ್‌ಯು ಗೋಳು ಇಲ್ಲಿ ಮತ್ತೆ ತಲೆ ಎತ್ತಬಹುದು. ಆರ್04 ಎಂದರೆ ಖಾತೆ ನಂಬರಿನ ರಚನೆಯೇ ಸರಿಯಿಲ್ಲ. ಆರ್16 ಬಂದರೆ ಖಾತೆ ತಡೆಹಿಡಿದಿದ್ದಾರೆ. ಆರ್20 ಬಂದರೆ ಆ ಖಾತೆಗೆ ಇಂಥ ವಹಿವಾಟು ಬಿಡುವುದಿಲ್ಲ, ಚೆಕಿಂಗ್ ಖಾತೆ ಕೊಡಿ.

ವಾಪಸ್ಸೂ ಹೋಗಿಲ್ಲ, ಬಂದೂ ಇಲ್ಲ ಎಂದರೆ ಎಸಿಎಚ್ ಟ್ರೇಸ್ ನಂಬರ್ ಕೇಳಿ. ಹದಿನೈದು ಅಂಕಿ ಇರುತ್ತದೆ. ಅದನ್ನು ನಿಮ್ಮ ಬ್ಯಾಂಕಿಗೆ ಕೊಟ್ಟು, ದಿನಾಂಕ ಮತ್ತು ಮೊತ್ತ ಹೇಳಿದರೆ ಅವರು ಹುಡುಕಬಲ್ಲರು. ನಿಜವಾಗಿ ಕಳಿಸಿದವರ ಬಳಿ ಟ್ರೇಸ್ ನಂಬರ್ ಇದ್ದೇ ಇರುತ್ತದೆ. ಕಳಿಸಿದ್ದೇವೆ ಎನ್ನುತ್ತಾ ಟ್ರೇಸ್ ನಂಬರ್ ಕೊಡದಿದ್ದರೆ, ಹಣ ಇನ್ನೂ ಅಲ್ಲೇ ಇದೆ ಎಂದು ನಾನು ತಿಳಿಯುತ್ತೇನೆ.

ಬಿಡುಗಡೆಗೆ ದುಡ್ಡು ಕೇಳುತ್ತಿದ್ದಾರೆ

ಇಲ್ಲಿಗೆ ನಿಲ್ಲಿಸಿ. ಒಂದು ಡಾಲರನ್ನೂ ಕಳಿಸಬೇಡಿ.

ತೆರಿಗೆ ಮೊದಲು ಕಟ್ಟಿ, ಖಾತೆ ಖಾತ್ರಿಗೆ 50 ಡಾಲರ್ ಹಾಕಿ, ವಿಐಪಿ ಮಟ್ಟಕ್ಕೆ ಏರಿದರೆ ಮಾತ್ರ ಹಣ ಬಿಡುತ್ತೇವೆ, ಹೀಗೆ ಯಾವ ಹೆಸರಲ್ಲಿ ಕೇಳಿದರೂ ಅದು ಮೋಸ. ಬಹುಮಾನ ಪಡೆಯಲು ಹಣ ಕಟ್ಟಬೇಕೆಂದರೆ ಅದು ವಂಚನೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸ್ಪಷ್ಟವಾಗಿ ಹೇಳುತ್ತದೆ. ಗುರುತಿಸಲು ಒಂದೇ ಪರೀಕ್ಷೆ ಸಾಕು. ನಿಜವಾದ ಕಡಿತ ನಿಮ್ಮ ಗೆಲುವಿನಿಂದ ಕಳೆದು ಬರುತ್ತದೆ. ಮೋಸದ್ದು ನಿಮ್ಮ ಜೇಬಿನಿಂದ ಹೊಸದಾಗಿ ಹೊರಗೆ ಹೋಗಬೇಕು ಎನ್ನುತ್ತದೆ. ಟೆಲಿಗ್ರಾಂನಲ್ಲೋ ಫೇಸ್‌ಬುಕ್‌ನಲ್ಲೋ ಇರುವ "ಏಜೆಂಟ್" ಮೂಲಕ ಕಾಯಿನ್ ತುಂಬಿಸಿಕೊಂಡಿದ್ದರೆ, ಹಣವನ್ನು ಗಿಫ್ಟ್ ಕಾರ್ಡಿನಲ್ಲೋ ಕ್ರಿಪ್ಟೊದಲ್ಲೋ ಕೇಳಿದರೆ, ಅಲ್ಲಿ ಮೊದಲಿನಿಂದಲೂ ಗೆಲುವು ಎಂಬುದೇ ಇರಲಿಲ್ಲ. ಪರದೆಯ ಮೇಲಿನ ಅಂಕಿ ಅಷ್ಟೇ.

ಈಗಾಗಲೇ ಕಳಿಸಿದ್ದರೆ ಇವತ್ತೇ ಬ್ಯಾಂಕಿಗೆ ಅಥವಾ ಗಿಫ್ಟ್ ಕಾರ್ಡ್ ಕಂಪನಿಗೆ ಫೋನ್ ಮಾಡಿ. ಫೆಡರಲ್ ಟ್ರೇಡ್ ಕಮಿಷನ್‌ಗೂ, ಎಫ್‌ಬಿಐ ನಡೆಸುವ ಐಸಿ3 ಎಂಬ ಇಂಟರ್ನೆಟ್ ಅಪರಾಧ ದೂರು ಕೇಂದ್ರಕ್ಕೂ ದೂರು ಹಾಕಿ. ನಿಮ್ಮ ಲೈಸೆನ್ಸ್, ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಕೊಟ್ಟಿದ್ದರೆ ಮೂರೂ ಕ್ರೆಡಿಟ್ ಸಂಸ್ಥೆಗಳಲ್ಲಿ, ಅಂದರೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್‌ನಲ್ಲಿ, ಕ್ರೆಡಿಟ್ ಫ್ರೀಜ್ ಮಾಡಿಸಿ, ಆಗ ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ತೆಗೆಯುವುದು ಕಷ್ಟ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಆಮೇಲೆ "ಕಳೆದ ಹಣ ವಾಪಸ್ ಕೊಡಿಸುತ್ತೇವೆ" ಅಂತ ಯಾರೋ ಬರುತ್ತಾರೆ. ಅದು ಎರಡನೇ ಸುತ್ತಿನ ಮೋಸ.

ತೆರಿಗೆ ಫಾರಂನಲ್ಲಿ ತಪ್ಪು ಉತ್ತರ

ದೊಡ್ಡ ಮೊತ್ತಕ್ಕೆ ಸೈಟ್ ಡಬ್ಲ್ಯು-9 ತುಂಬಲು ಹೇಳುತ್ತದೆ. ವಿದ್ಯಾರ್ಥಿಗಳು ಇದನ್ನು ಯೋಚಿಸದೆ ತುಂಬಿಬಿಡುತ್ತಾರೆ. ಡಬ್ಲ್ಯು-9 ಇರುವುದು ಅಮೆರಿಕದ ನಾಗರಿಕರಿಗೆ ಮತ್ತು ತೆರಿಗೆ ಲೆಕ್ಕದಲ್ಲಿ ನಿವಾಸಿ ಆದವರಿಗೆ. ಎಫ್-1 ವೀಸಾದ ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಅನಿವಾಸಿ ಎಂದೇ ಲೆಕ್ಕ. ಅವರಿಗೆ ಡಬ್ಲ್ಯು-8ಬಿಇಎನ್. ಬಹುಮಾನದ ಮೇಲೆ ಸಾಮಾನ್ಯವಾಗಿ ಶೇಕಡಾ 30 ಮುರಿದುಕೊಂಡು, ಆ ಕಡಿತ ತೋರಿಸುವ 1042-ಎಸ್ ಫಾರಂ ಕೊಡುತ್ತಾರೆ. ಬಂದ ಮೊತ್ತ 30ರಷ್ಟು ಕಡಿಮೆ ಇದ್ದರೆ ಕಾರಣ ಇದೇ, ಸೈಟ್ ನುಂಗಿದ್ದಲ್ಲ. ಕೆಲವು ಸೈಟ್‌ಗಳು ಕಾನೂನುಬದ್ಧ ನಿವಾಸಿಗಳು ಮಾತ್ರ ಆಡಬೇಕು ಎನ್ನುತ್ತವೆ, ತಾತ್ಕಾಲಿಕ ವೀಸಾದವರು ಸೇರುತ್ತಾರೆಯೇ ಎಂದು ನಿಯಮದಲ್ಲಿ ನೋಡಿ.

ಎಚ್-1ಬಿ ಎಂಬ ಕೆಲಸದ ವೀಸಾದವರು ತೆರಿಗೆ ಲೆಕ್ಕದಲ್ಲಿ ಹೆಚ್ಚಾಗಿ ನಿವಾಸಿಗಳೇ. ಅವರಿಗೆ ಬಂದ ಆದಾಯ ತೋರಿಸುವ 1099-ಎಂಐಎಸ್‌ಸಿ ಫಾರಂ ಬರುತ್ತದೆ. 2025ರವರೆಗಿನ ಪಾವತಿಗೆ 600 ಡಾಲರ್ ಮಿತಿ, 2026ರಿಂದ 2,000 ಡಾಲರ್. ಫಾರಂ ಬರಲಿಲ್ಲ ಅಂದಮಾತ್ರಕ್ಕೆ ತೆರಿಗೆ ಇಲ್ಲ ಎಂದಲ್ಲ, ಆದಾಯ ತೋರಿಸಲೇಬೇಕು.

ಯಾವುದಕ್ಕೂ ಬಗ್ಗದಿದ್ದರೆ

ಈ ಸೈಟ್‌ಗಳಿಗೆ ಸಾಮಾನ್ಯವಾಗಿ ರಾಜ್ಯದ ಕ್ಯಾಸಿನೊ ಲೈಸೆನ್ಸ್ ಇರುವುದಿಲ್ಲ. ಹಾಗಾಗಿ ಗೇಮಿಂಗ್ ಬೋರ್ಡ್‌ಗೆ ದೂರು ಕೊಟ್ಟರೆ ಅವರು ಸೈಟನ್ನು ನಿಲ್ಲಿಸಬಹುದೇ ಹೊರತು ನಿಮ್ಮ ದುಡ್ಡು ಕೊಡಿಸುವುದು ಕಷ್ಟ. ಚುಂಬಾ, ಲಕ್ಕಿಲ್ಯಾಂಡ್, ಗ್ಲೋಬಲ್ ಪೋಕರ್ ನಡೆಸುವ ವಿಜಿಡಬ್ಲ್ಯುನ ಮೂಲ ಆಸ್ಟ್ರೇಲಿಯಾದ ಪರ್ತ್. ಹೀಗೆ ಕಂಪನಿ ಹೊರದೇಶದ್ದಾಗಿರುವುದೂ ಉಂಟು. ನಿಯಮಗಳಲ್ಲಿ ಕಂಪನಿಯ ಪೂರ್ತಿ ಹೆಸರು, ನೋಂದಾಯಿತ ವಿಳಾಸ, ವಿವಾದದ ನೋಟಿಸ್ ಕಳಿಸಬೇಕಾದ ಜಾಗ ಬರೆದಿರುತ್ತಾರೆ. ಮೊದಲ ಪತ್ರ ಅಲ್ಲಿಗೆ ಹೋಗಲಿ. ಖಾತೆಯ ಇಮೇಲ್, ರಿಡೀಮ್ ಸಂಖ್ಯೆ, ಮೊತ್ತ, ಕೇಳಿದ ದಿನ, ಐಡಿ ಒಪ್ಪಿದ ದಿನ, ಟಿಕೆಟ್ ನಂಬರ್, ಇಷ್ಟೇ ಇರಲಿ. ಸಿಟ್ಟು ಬೇಡ.

ಉತ್ತರ ಬಾರದಿದ್ದರೆ ನಿಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ಅದೇ ಪತ್ರದ ಪ್ರತಿಯೊಂದಿಗೆ ದೂರು ಕೊಡಿ. ಬ್ಯಾಂಕ್ ಅಥವಾ ಪೇಮೆಂಟ್ ಕಂಪನಿಯದ್ದೇ ತಪ್ಪಾಗಿದ್ದರೆ ಬ್ಯಾಂಕ್ ಗ್ರಾಹಕರ ದೂರು ಕೇಳುವ ಫೆಡರಲ್ ಸಂಸ್ಥೆ ಸಿಎಫ್‌ಪಿಬಿಗೆ ಬರೆಯಬಹುದು. ಕೋರ್ಟಿಗೆ ಹೋಗುವ ಮೊದಲು ಆರ್ಬಿಟ್ರೇಷನ್ ಷರತ್ತು, ಅಂದರೆ ಜಗಳವನ್ನು ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ತೀರಿಸಬೇಕೆಂಬ ಷರತ್ತು, ಓದಿ. ಖಾತೆ ತೆರೆದಾಗಲೇ ನೀವು ಅದನ್ನು ಒಪ್ಪಿರುತ್ತೀರಿ. ಕೆಲವು ನಿಯಮಗಳಲ್ಲಿ ಮೊದಲ 30 ದಿನದೊಳಗೆ ಬರೆದು ತಿಳಿಸಿದರೆ ಅದರಿಂದ ಹೊರಗೆ ಬರಲು ಅವಕಾಶ ಇರುತ್ತದೆ, ಸಣ್ಣ ಮೊತ್ತದ ವ್ಯಾಜ್ಯ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ವಿನಾಯಿತಿಯೂ ಇರುತ್ತದೆ. ಖಾತೆ ತೆರೆದು ಇನ್ನೂ ತಿಂಗಳಾಗಿಲ್ಲದಿದ್ದರೆ ಆ ಪತ್ರವನ್ನು ಇವತ್ತೇ ಕಳಿಸಿ, ಕಳಿಸಿದ ಇಮೇಲ್‌ನ ಪ್ರತಿಯನ್ನು ಸ್ಕ್ರೀನ್‌ಶಾಟ್‌ಗಳ ಫೋಲ್ಡರಿಗೇ ಸೇರಿಸಿ.